ಬೀರಪ್ಪ ಕೇಳದೆ ಬಿಟ್ಟ ಪ್ರಶ್ನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಮನುಷ್ಯನ ತಲೆಬುರುಡೆಯೊಳಗೆ ರಕ್ತ ತುಂಬುತ್ತಿದ್ದ ಹೊತ್ತಿನಲ್ಲಿ ನಾನು ಅವನ ಮಂಚದ ಪಕ್ಕದಲ್ಲೇ ನಿಂತು ಒಂದು ವಾರ್ಡನ್ನು ನಗಿಸುತ್ತಿದ್ದೆ. ನಗಿಸುವುದರಲ್ಲೇನೂ ಕೊರತೆ ಮಾಡಲಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವರು "ಸಾಕು ಬುಡಪ್ಪಾ, ದಾರ ಕಿತ್ಕೊಂಡ್ ಬತ್ತದೆ" ಎಂದು ಕೈಮುಗಿದರು. ಆ ಮನುಷ್ಯನೂ ನಕ್ಕ. ಅವನು ನಕ್ಕದ್ದನ್ನು ಒಳ್ಳೆಯ ಲಕ್ಷಣವೆಂದು ನಾನು ಚಾರ್ಟಿನಲ್ಲಿ ಬರೆದೆ.

ನನ್ನ ತಂಗಿಯ ಮೊಮ್ಮಗಳು ಈಗ ನರ್ಸಿಂಗ್ ಸೇರಿದ್ದಾಳೆ. "ತಾತಾ, ಸ್ಕ್ಯಾನ್ ಇಲ್ಲದ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನ ಹೇಗೆ ನೋಡ್ಕೊಳ್ತಿದ್ರಿ?" ಎಂದು ಕೇಳಿದಳು. ಹೇಗೆ ನೋಡಿಕೊಂಡೆವು ಎನ್ನುವುದಕ್ಕಿಂತ ಹೇಗೆ ನೋಡದೆ ಬಿಟ್ಟೆವು ಎನ್ನುವುದು ಅವಳಿಗೆ ಹೆಚ್ಚು ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಬಂತೆಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಇನ್ನೊಂದು ಮಾತು. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡದ ಅಕ್ಷರ ಕಲಿತದ್ದು ಹೊಸೂರಿನ ಸೋದರತ್ತೆಯ ಮನೆಯಲ್ಲಿ ಮೂರು ವರ್ಷ ಇದ್ದಾಗ. ಬರಹದಲ್ಲಿ ತಪ್ಪು ಕಂಡರೆ ಅತ್ತೆಯನ್ನು ಬೈಯಿರಿ. ಅವರಿಗೆ ಇನ್ನು ಕೇಳಿಸುವುದಿಲ್ಲ.

ಎಪ್ಪತ್ತರ ದಶಕದ ನಡುಭಾಗ. ನನಗೆ ಇಪ್ಪತ್ತಮೂರು. ಪಾಲಕ್ಕೋಡು ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು ಸೇಲಂನಲ್ಲಿ ತರಬೇತಿ ಮುಗಿಸಿ, ಧರ್ಮಪುರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಗಂಡಸರ ಸರ್ಜರಿ ವಾರ್ಡಿಗೆ ಮೇಲ್ ನರ್ಸ್ ಆಗಿ ಬಂದಿದ್ದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ಮಾಡಿದವನು ನಾನು, ಕಟ್ಟಡವಲ್ಲ.

ಅಣಕ ನನಗೆ ಹುಟ್ಟಿನಿಂದ ಬಂದ ರೋಗ. ಏಳನೇ ವಯಸ್ಸಿಗೇ ತಾಯಿಕುರಿಯ ಹಾಗೆ ಕೂಗಿ ಮರಿಗಳಿಗೆ ಮೋಸ ಮಾಡುತ್ತಿದ್ದೆ. ಆಮೇಲೆ ಬಸ್ ಕಂಡಕ್ಟರ್, ಆಮೇಲೆ ಹೆಡ್‌ಮಾಸ್ಟರು, ಕೊನೆಗೆ ನಮ್ಮ ಚೀಫ್. ಚೀಫ್ ಎಂದರೆ ವಾರ್ಡಿನ ದೊಡ್ಡ ಸರ್ಜನ್. ದಪ್ಪ ಕನ್ನಡಕ, ಮೂಗಿನಿಂದ ಬರುವ ತಮಿಳು, ಪ್ರತಿ ಮಾತಿನ ಕೊನೆಗೆ "ಪುರಿಯುದಾ?" ಎನ್ನುವ ಪ್ರಶ್ನೆ. ಅರ್ಥವಾಯಿತಾ ಎಂದು ಕೇಳುತ್ತಿದ್ದರು. ಆಗಿಲ್ಲ ಎಂದವನನ್ನು ನಾನು ಕಾಣೆ. ಅವರು ರೌಂಡ್ಸ್ ಮುಗಿಸಿ ಬಾಗಿಲು ದಾಟಿದ ಕೂಡಲೇ ನಾನು ಅವರ ದನಿಯಲ್ಲಿ ಇನ್ನೊಂದು ರೌಂಡ್ಸ್ ಹೊರಡುತ್ತಿದ್ದೆ. ಒಮ್ಮೆ ಅವರು ಮರೆತ ಪೆನ್ನಿಗಾಗಿ ತಿರುಗಿ ಬಂದವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. "ಕಿಳಿ," ಎಂದರು. ತಮಿಳಿನಲ್ಲಿ ಗಿಳಿ. "ನನ್ನ ಕೆಮ್ಮನ್ನು ಬಿಟ್ಟುಬಿಟ್ಟೆ. ಪುರಿಯುದಾ?" ಅಂದಿನಿಂದ ವಾರ್ಡಿನಲ್ಲಿ ನನ್ನ ಹೆಸರು ಕಿಳಿ.

ನಮ್ಮ ಸೀಮೆಯಲ್ಲಿ ತಲೆಪೆಟ್ಟಿಗೂ ಒಂದು ಸುಗ್ಗಿ ಇತ್ತು. ಹುಣಸೆ ಇಳಿಸುವ ಕಾಲ. ಮರ ಹತ್ತಿ, ಕೊಂಬೆಯ ಮೇಲೆ ನಿಂತು, ಕುಲುಕಿ, ಕೋಲಿನಿಂದ ಬಡಿದು ಹಣ್ಣು ಉದುರಿಸುವುದು ಗಂಡಸರ ಕೆಲಸ. ಹಣ್ಣಿನ ಜೊತೆಗೆ ಅವರೂ ಉದುರುತ್ತಿದ್ದರು. ಉಳಿದ ದಿನಗಳಲ್ಲಿ ತೊಪ್ಪೂರು ಕಣಿವೆಯ ಲಾರಿಗಳು ನಮಗೆ ಕೆಲಸ ಕೊಡುತ್ತಿದ್ದವು. ಗಾಯಕ್ಕೆ ಜನ ಕಾಫಿಪುಡಿ ತುಂಬಿಕೊಂಡು ಬರುತ್ತಿದ್ದರು. ಬಿಸಿನೀರಲ್ಲಿ ತೊಳೆಯಲು ಹೊರಟರೆ ವಾರ್ಡೆಲ್ಲ ಹೋಟೆಲಿನ ಘಮ. ಪಕ್ಕದ ಮಂಚದವರು "ನಮ್ಗೊಂದು ಲೋಟ" ಎನ್ನುತ್ತಿದ್ದರು.

ನಮ್ಮ ಆಯುಧಗಳೆಂದರೆ ಒಂದು ಟಾರ್ಚು, ಒಂದು ಕೈಗಡಿಯಾರ, ಪಾದರಸದ ಬಿಪಿ ಪೆಟ್ಟಿಗೆ, ಮತ್ತು ಮಂಚದ ತುದಿಗೆ ತೂಗುಹಾಕಿದ ಹೆಡ್ ಚಾರ್ಟ್ ಎಂಬ ಕಾಗದ. ಅರ್ಧ ಗಂಟೆಗೊಮ್ಮೆ ಅದರಲ್ಲಿ ಒಂದು ಸಾಲು ತುಂಬಬೇಕು. ಕಣ್ಣಿನ ಪಾಪೆಗಳು ಒಂದೇ ಅಳತೆ ಇವೆಯೇ, ಬೆಳಕು ಬಿಟ್ಟರೆ ಕುಗ್ಗುತ್ತವೆಯೇ, ನಾಡಿ ಎಷ್ಟು, ರಕ್ತದ ಒತ್ತಡ ಎಷ್ಟು, ಕೈಕಾಲು ಎರಡೂ ಕಡೆ ಸಮ ಆಡುತ್ತವೆಯೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುತ್ತಾನೆಯೇ. ಎಕ್ಸ್‌ರೇ ತೆಗೆದರೆ ಮೂಳೆ ಬಿರುಕು ಬಿಟ್ಟದ್ದು ಕಾಣುತ್ತಿತ್ತು. ಒಳಗಿನ ಮೆದುಳು ಏನಾಗಿದೆಯೆಂದು ಆ ಮೆದುಳನ್ನೇ ಕೇಳಿ ತಿಳಿಯಬೇಕಿತ್ತು.

ಹೊಸದರಲ್ಲಿ ನಾನು ಮೂಗನ್ನೇ ನಂಬುತ್ತಿದ್ದೆ. ತಾರಮಂಗಲದ ಕಡೆಯ ಒಬ್ಬ ಲಾರಿ ಕ್ಲೀನರನ್ನು ತಂದು ಮಲಗಿಸಿದರು. ಸಾರಾಯಿಯ ವಾಸನೆ ಗಪ್ಪೆಂದು ಬಡಿಯುತ್ತಿತ್ತು. "ತಣ್ಣಿ ಪಾರ್ಟಿ", ಕುಡುಕ, ಎಂದು ಅವನನ್ನು ಮೂಲೆಗೆ ತಳ್ಳಿಸಿ, ಅವನ ಗೊರಕೆಯನ್ನು ನಾಲ್ಕು ಜನಕ್ಕೆ ಮಾಡಿ ತೋರಿಸಿದೆ. ಗ್ರೇಸಿ ಸಿಸ್ಟರ್ ಬಂದರು. ನಾಗರಕೋಯಿಲ್ ಕಡೆಯವರು, ವಾರ್ಡಿನ ಹಿರಿಯ ಸಿಸ್ಟರ್. ಚೀಫ್ ಕೂಡ ಅವರೆದುರು ಎರಡು ಸಲ ಮಾತ್ರ ಪುರಿಯುದಾ ಎನ್ನುತ್ತಿದ್ದರು. ಸಿಸ್ಟರ್ ನೇರವಾಗಿ ಹೊರಗೆ ಹೋಗಿ, ಅವನನ್ನು ತಂದವರನ್ನು ವಿಚಾರಿಸಿಕೊಂಡು ಬಂದರು. ರಸ್ತೆಯಲ್ಲಿ ಬಿದ್ದವನಿಗೆ ಗ್ಯಾನ ಬರಲಿ ಎಂದು ಯಾರೋ ಪುಣ್ಯಾತ್ಮರು ಬಾಯಿಗೂ ಅಂಗಿಗೂ ಸಾರಾಯಿ ಸುರಿದಿದ್ದರಂತೆ. "ವಾಸನೆ ಯಾರ ಬಾಯಿಂದ ಬರ್ತದೆ ಅಂತ ಮೂಗು ಹೇಳ್ತದೆ. ಯಾರು ಸುರಿದ್ರು ಅಂತ ಹೇಳಲ್ಲ," ಎಂದರು ಸಿಸ್ಟರ್. ಆ ಹುಡುಗ ಮರುದಿನ ಎದ್ದು ಕೂತು ತನ್ನ ಅಂಗಿ ಮೂಸಿ ನೋಡಿಕೊಂಡು ಅತ್ತುಬಿಟ್ಟ. ಅವನ ಮನೆಯಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ.

ಇನ್ನೊಂದು ಸಲ ಇದಕ್ಕೆ ತಿರುಗುಮುರುಗು. ಮರದಿಂದ ಬಿದ್ದವನೊಬ್ಬನ ಒಂದು ಪಾಪೆ ಕಾಸಿನಗಲ ಹಿಗ್ಗಿರುವುದನ್ನು ಕಂಡೆ. ಒಂದೇ ಪಾಪೆ ಹಿಗ್ಗಿದರೆ ಆ ಪಕ್ಕದಲ್ಲಿ ರಕ್ತ ಕಟ್ಟಿ ಮೆದುಳನ್ನು ಒತ್ತುತ್ತಿದೆ ಎಂದು ಅರ್ಥ. ಕಿರುಚಿದೆ, ಓಡಿದೆ, ಕ್ಷೌರದ ಕತ್ತಿ ತಂದು ತಲೆ ಬೋಳಿಸಲು ಕೂತೆ. ಅರ್ಧ ಬೋಳಾಗುವಷ್ಟರಲ್ಲಿ ಅವನು ಎದ್ದು ಕೂತು, "ಯಾಕಣ್ಣಾ, ನಮ್ಮಪ್ಪ ಏನಾದ್ರೂ ಓಗ್ಬುಟ್ರಾ?" ಎಂದ. ಬೆಳಿಗ್ಗೆ ಕಣ್ಣಿನ ವಿಭಾಗದವರು ಒಳಗೆ ನೋಡಲೆಂದು ಆ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ ಹೋಗಿದ್ದರು. ನಮಗೆ ಹೇಳಿರಲಿಲ್ಲ. ಪೆಟ್ಟು ಬಿದ್ದವರ ಕಣ್ಣಿಗೆ ಹನಿ ಹಾಕಬಾರದೆಂದು ಚೀಫ್ ಅವತ್ತೇ ಗೋಡೆಗೆ ಬರೆಸಿದರು. ಅವನು ಅರ್ಧ ತಲೆ ಹೊತ್ತುಕೊಂಡೇ ಊರಿಗೆ ಹೋದ. ಉಳಿದರ್ಧ ತೆಗೆಯುತ್ತೇನೆಂದರೆ ಒಪ್ಪಲಿಲ್ಲ, "ಸರ್ಕಾರಕ್ಕೆ ಇಷ್ಟು ಸಾಕು" ಎಂದ.

ನಕ್ಕು ಮರೆಯಬಹುದಾದ ಕಥೆ. ಆದರೆ ಅದರಿಂದ ನಾನು ಕಲಿತದ್ದು ತಪ್ಪು ಪಾಠ. ಸುಮ್ಮನೆ ಗಾಬರಿಬಿದ್ದು ಜನರ ಬಾಯಿಗೆ ಬೀಳಬಾರದು ಎಂದು ಕಲಿತೆ. ಜನರ ಬಾಯಿಗೆ ಬೀಳುವುದೆಂದರೆ ಅಣಕಿಸುವವನಿಗೆ ಎಷ್ಟು ಉರಿ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಮರುವರ್ಷದ ಹುಣಸೆ ಕಾಲದಲ್ಲಿ, ಒಂದು ಬುಧವಾರ ಬೆಳಿಗ್ಗೆ, ಬೀರಪ್ಪ ಬಂದ.

ಮಾರಂಡಹಳ್ಳಿಯಿಂದ ಒಳಗೆ ಇರುವ ಹಳ್ಳಿಯವನು, ಮೂವತ್ತರ ಆಸುಪಾಸು. ನಮ್ಮವರ ಹಾಗೇ ಕನ್ನಡ ಮಾತಾಡುವ, ಕುರಿ ಸಾಕುವ ಮನೆ. ಅವತ್ತೇ ಬೆಳಗಿನ ಬಿಸಿಲು ಏರುವ ಮುಂಚೆ ಮರ ಹತ್ತಿ, ಒಣ ಕೊಂಬೆ ಮುರಿದು, ಎಡಗಿವಿಯ ಮೇಲ್ಭಾಗ ಬೇರಿಗೆ ಬಡಿದು ಬಿದ್ದಿದ್ದ. ಆದರೂ ಬಸ್ಸಿನಿಂದ ಇಳಿದು ನಡೆದುಕೊಂಡೇ ವಾರ್ಡಿಗೆ ಬಂದ. ಜೊತೆಗೆ ಹೆಂಡತಿ ಮಾದಮ್ಮ, ಒಂದು ಬಟ್ಟೆಗಂಟು ಕಂಕುಳಲ್ಲಿ.

"ಬಿದ್ದಾಗ ಒಸಿ ಒತ್ತು ಗ್ಯಾನ ತಪ್ಪಿತ್ತಣ್ಣಾ," ಎಂದಳು. "ನೀರ್ ಚಿಮುಕ್ಸಿದ್ ಮ್ಯಾಕೆ ಎದ್ರು. ಎದ್ದೇಟ್ಗೆ ನನ್ನ ಬೈದ್ರು."

"ಯಾಕಕ್ಕಾ?"

"ಕುರಿ ಯಾರ್ ನೋಡ್ಕತಾವ್ರೆ, ಇಲ್ಲ್ಯಾಕ್ ನಿಂತಿದ್ದೀಯಾ ಅಂತ."

"ಹಂಗಾದ್ರೆ ಗ್ಯಾನ ಚೆನ್ನಾಗೈತೆ ಬಿಡು," ಎಂದೆ.

ಚೀಫ್ ನೋಡಿದರು. ಎಕ್ಸ್‌ರೇಯಲ್ಲಿ ಕಿವಿಯ ಮೇಲೆ ಕೂದಲೆಳೆಯಷ್ಟು ಗೆರೆ. "ಎಚ್ಚರ ತಪ್ಪಿ, ಎಚ್ಚರವಾಗಿ, ಮತ್ತೆ ತಪ್ಪುವವರು ಇದ್ದಾರೆ. ಅರ್ಧ ಗಂಟೆಗೊಮ್ಮೆ ನೋಡು. ಸ್ವಲ್ಪ ಬದಲಾದರೂ ನನ್ನನ್ನು ಕರೆ. ಪುರಿಯುದಾ?" ಎಂದರು. ಪುರಿಯಿತು ಎಂದೆ.

ಚಾರ್ಟಿಗೆ ನಾಲ್ಕು ಪ್ರಶ್ನೆಗಳು. ಹೆಸರೇನು, ಊರು ಯಾವುದು, ಇದು ಯಾವ ಜಾಗ, ಇವತ್ತು ಏನು ವಾರ. ಅವನೂ ನಾನೂ ಒಂದೇ ಭಾಷೆಯವರು, ಕನ್ನಡದಲ್ಲಿ ಕೇಳಬಹುದಿತ್ತು. ಆದರೆ ಕನ್ನಡದಲ್ಲಿ ಕೇಳಿದರೆ ವಾರ್ಡಿನಲ್ಲಿ ನಗುವವರು ಯಾರು? ಚೀಫ್ ದನಿಯನ್ನು ಮೂಗಿಗೆ ಏರಿಸಿಕೊಂಡು, ಇಲ್ಲದ ಕನ್ನಡಕ ಸರಿಮಾಡಿಕೊಂಡು, "ಪೇರ್ ಎನ್ನ? ಊರ್ ಎನ್ನ? ಇದು ಎನ್ನ ಇಡಂ? ಇನ್ನಿಕ್ಕಿ ಎನ್ನ ಕಿಳಮೆ? ಪುರಿಯುದಾ?" ಎಂದೆ. ವಾರ್ಡು ಘೊಳ್ಳೆಂದಿತು. ಬೀರಪ್ಪನೂ ತಲೆ ಹಿಡಿದುಕೊಂಡೇ ನಕ್ಕು, ನಾಲ್ಕಕ್ಕೂ ಉತ್ತರ ಕೊಟ್ಟ. ಗುಡ್ಡದ ಈಚೆಯಿಂದ ಆಚೆಗೆ ಕುರಿ ಕೂಗಿ ಅಭ್ಯಾಸವಾದ ಗಂಟಲು. "ಬೀರಪ್ಪಾ!" ಎಂದರೆ ಕವಣೆಯಿಂದ ಕಲ್ಲು ಬೀಸಿದ ಹಾಗೆ.

ಎರಡನೇ ಸಲಕ್ಕೆ ಪಕ್ಕದ ಮಂಚದ ಹರ್ನಿಯಾ ಮುದುಕ ಉತ್ತರಕ್ಕೆ ಜೊತೆಗೂಡಿದ. ನಾಲ್ಕನೇ ಸಲಕ್ಕೆ ಅರ್ಧ ವಾರ್ಡು. ಆರನೇ ಸಲಕ್ಕೆ ಅದು ಭಜನೆಯಾಗಿತ್ತು. ನಾನು ಎತ್ತಿಕೊಡುತ್ತಿದ್ದೆ, ವಾರ್ಡು ಹಿಡಿದುಕೊಳ್ಳುತ್ತಿತ್ತು, ಕೊನೆಗೆ ಎಲ್ಲರೂ ಸೇರಿ "ಪುದನ್ ಕಿಳಮೇ" ಎಂದು ಬುಧವಾರವನ್ನು ಎಳೆಯುತ್ತಿದ್ದರು. ಬೀರಪ್ಪನ ತುಟಿಯೂ ಆಡುತ್ತಿತ್ತು. ನಾನು ಬರೆಯುತ್ತಿದ್ದೆ: ಉತ್ತರ ಸರಿ. ಉತ್ತರ ಸರಿ. ಉತ್ತರ ಸರಿ.

ನಾಡಿ ಬೆಳಿಗ್ಗೆ ಎಂಬತ್ತನಾಲ್ಕು ಇತ್ತು. ಆಮೇಲೆ ಎಪ್ಪತ್ತಾರು, ಆಮೇಲೆ ಅರವತ್ತೆಂಟು. ಇಳಿಯುತ್ತಾ ಬಂದದ್ದನ್ನು ಕಂಡು, ಪಾಪ, ಗಾಬರಿ ಇಳಿಯಿತು, ನೆಮ್ಮದಿಯಾಗಿದ್ದಾನೆ ಎಂದುಕೊಂಡೆ. ತಲೆಪೆಟ್ಟಿನವನ ನಾಡಿ ನಿಧಾನವಾಗುತ್ತಾ, ರಕ್ತದ ಒತ್ತಡ ಏರುತ್ತಾ ಹೋದರೆ ಒಳಗೆ ಒತ್ತುತ್ತಿದೆ ಎಂದು ಪರೀಕ್ಷೆಯಲ್ಲಿ ಬರೆದು ನೂರಕ್ಕೆ ಎಪ್ಪತ್ತು ತೆಗೆದುಕೊಂಡವನು ನಾನು. ಟಾರ್ಚಿನ ಸೆಲ್ ಇಳಿದಿತ್ತು. ಎರಡು ಗಂಟೆಯ ಸಾಲಿನಲ್ಲಿ ಪಾಪೆಯ ಜಾಗದಲ್ಲಿ ಒಂದೂವರೆ ಗಂಟೆಯ ಸಾಲನ್ನೇ ನಕಲು ಮಾಡಿದೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮಧ್ಯಾಹ್ನ ಮಾದಮ್ಮನ ಮೈದುನ ಬುತ್ತಿ ತಂದು ಕೊಟ್ಟು, ಮನೆಯ ಸುದ್ದಿ ಹೇಳಿ, ಬಂದ ಬಸ್ಸಿಗೇ ಹಿಂತಿರುಗಿದ. ಅವನು ಹೋದ ಸ್ವಲ್ಪ ಹೊತ್ತಿಗೆ ಮಾದಮ್ಮ ನನ್ನ ಮೇಜಿನ ಹತ್ತಿರ ಬಂದಳು.

"ಅಣ್ಣಾ, ಇವ್ರು ಸರಿಗಿಲ್ಲ ಕಣಣ್ಣ."

"ಕೇಳಿದ್ದಕ್ಕೆಲ್ಲಾ ಉತ್ತರ ಹೇಳ್ತಾ ಅವ್ನಲ್ಲಕ್ಕಾ. ನೀನೂ ಕೇಳಿಸ್ಕಂಡೆಯಲ್ಲಾ."

"ಅದೆಲ್ಲಾ ಏಳ್ತಾರೆ. ಮಚ್ಚೆ ಕುರಿ ಈದೈತಂತೆ ಅಂದೆ. ಗಂಡಾ ಎಣ್ಣಾ ಅಂತ ಕೇಳ್ನಿಲ್ಲ."

ಕುರಿ ಸಾಕುವ ಮನೆಯಲ್ಲಿ ಹುಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕು. ಗಂಡು ಮರಿ ಬೆಳೆದರೆ ಸಂತೆಗೆ, ಹೆಣ್ಣು ಮರಿ ಬೆಳೆದರೆ ಮಂದೆಗೆ. ಕುರಿ ಈದಿದೆ ಎಂದಾಗ ಗಂಡೋ ಹೆಣ್ಣೋ ಎಂದು ಕೇಳುವುದು ನಮ್ಮವರಿಗೆ ಉಸಿರಾಡಿದಷ್ಟು ಸಹಜ. ನಮ್ಮಜ್ಜ ಸಾಯುವ ಹಿಂದಿನ ದಿನ ಕೂಡ ಕಣ್ಣು ಮುಚ್ಚಿಕೊಂಡೇ ಅದನ್ನು ಕೇಳಿದ್ದರು. ಆ ಹೆಂಗಸು ನನಗೆ ತಂದು ಕೊಟ್ಟದ್ದು ಯಾವ ಚಾರ್ಟಿನಲ್ಲೂ ಇಲ್ಲದ ಲಕ್ಷಣ. ಆ ಆಸ್ಪತ್ರೆಯಲ್ಲಿ ಅದರ ಬೆಲೆ ಗೊತ್ತಾಗಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ನಾನು.

ನಾನು ಮಾಡಿದ್ದೇನು? ಸೆರಗು ಎಳೆದುಕೊಳ್ಳುವ ಹಾಗೆ ಕೈಮಾಡಿ, ಅವಳ ದನಿಯನ್ನೇ ತೆಗೆದು, "ಗಂಡಾ ಎಣ್ಣಾ ಅಂತ ಕೇಳ್ನಿಲ್ಲಾ..." ಎಂದು ವಾರ್ಡಿನ ಕಡೆ ತಿರುಗಿ ರಾಗ ಎಳೆದೆ. ಹರ್ನಿಯಾ ಮುದುಕ ಕೆಮ್ಮುವವರೆಗೂ ನಕ್ಕ. ಮಾದಮ್ಮ ಹೋಗಿ ಗಂಡನ ಕಾಲ ಬುಡದಲ್ಲಿ ಕೂತಳು.

ಮೂರೂವರೆಗೆ ಗ್ರೇಸಿ ಸಿಸ್ಟರ್ ಡ್ಯೂಟಿಗೆ ಬಂದಾಗ ನಮ್ಮ ಭಜನೆ ನಡೆದಿತ್ತು. ಅವರು ಬಾಗಿಲಲ್ಲಿ ನಿಂತು ಕೊನೆಯ ಪುದನ್ ಕಿಳಮೆಯವರೆಗೂ ಕೇಳಿದರು. ಆಮೇಲೆ ಬಂದು ಬೀರಪ್ಪನ ಮುಖದ ಮೇಲೆ ಬಾಗಿ, ಭಜನೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು. ಮಧ್ಯಾಹ್ನ ಏನು ತಿಂದೆ?

ಬೀರಪ್ಪ ನಿಧಾನವಾಗಿ ಕಣ್ಣು ತೆರೆದು, "ಪುದನ್ ಕಿಳಮೆ," ಎಂದ.

ವಾರ್ಡು ನಕ್ಕಿತು. ನಾನೂ ನಕ್ಕೆ. ಸಿಸ್ಟರ್ ನಗಲಿಲ್ಲ. "ನಿನ್ನ ಭಾಷೆಯಲ್ಲಿ ಕೇಳು," ಎಂದರು ನನಗೆ.

"ಬೀರಪ್ಪಣ್ಣಾ, ಮಧ್ಯಾನ ಏನ್ ಉಂಡೆ?"

"ಪುದನ್... ಕಿಳಮೆ."

ಯಾರೂ ನಗಲಿಲ್ಲ. ಸಿಸ್ಟರ್ ತಮ್ಮ ಚೀಲದಿಂದ ತಮ್ಮದೇ ಟಾರ್ಚು ತೆಗೆದು ಬೆಳಕು ಬಿಟ್ಟರು. ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನದು ಹಿಗ್ಗಿಕೊಂಡೇ ಇತ್ತು. ಬಲಗೈ ಎತ್ತು ಎಂದರೆ ಎಡಗೈ ಎತ್ತಿದ. ನಾಡಿ ಐವತ್ತೆರಡು. "ಓಡು," ಎಂದರು. ಈ ಸಲ ಯಾರೂ ಕಣ್ಣಿಗೆ ಹನಿ ಹಾಕಿರಲಿಲ್ಲ.

ಚೀಫ್ ಮೆದುಳಿನ ಸರ್ಜನ್ ಅಲ್ಲ. ಹೊಟ್ಟೆಯ ಸರ್ಜನ್. ತಲೆ ಕೊರೆದದ್ದು ಅವರ ಜೀವಮಾನದಲ್ಲಿ ನಾಲ್ಕೋ ಐದೋ ಸಲ. ಮದ್ರಾಸಿಗೋ ವೇಲೂರಿಗೋ ಕಳಿಸಬಹುದಿತ್ತು. "ಕಳಿಸಿದರೆ ಜೀಪು ತಲುಪುತ್ತದೆ, ಇವನು ತಲುಪುವುದಿಲ್ಲ," ಎಂದರು. ಕೊನೆಗೆ ಪುರಿಯುದಾ ಎನ್ನಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಕ್ಷೌರಿಕ ಆ ಹೊತ್ತಿಗೆ ಸಿಗಲಿಲ್ಲ. ತಲೆ ಬೋಳಿಸಿದ್ದು ನಾನೇ. ಕೂದಲಲ್ಲಿ ಹುಣಸೆ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು, ಬೆಳಗಿನಿಂದ ಅಲ್ಲೇ ಇದ್ದವು, ನಾನು ನೋಡಿರಲಿಲ್ಲ. ಸಿಸ್ಟರ್ ತಲೆಯನ್ನು ಅಲ್ಲಾಡದಂತೆ ಹಿಡಿದುಕೊಂಡರು. ಬೀರಪ್ಪ ಆಗಲೇ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ, ಬುಧವಾರವೂ ಹೋಗಿಬಿಟ್ಟಿತ್ತು.

ಆಗಿನ ಉಪಕರಣ ಬಡಗಿಯ ಬೈರಿಗೆಯ ಹಾಗೇ ಇತ್ತು, ಕೈಯಿಂದ ತಿರುಗಿಸುವುದು. ಎಡಗಿವಿಯ ಮೇಲೆ, ಎಕ್ಸ್‌ರೇಯ ಗೆರೆ ಇದ್ದ ಕಡೆ ಚೀಫ್ ಕೊರೆದರು. ಮೂಳೆ ಕೊರೆಯುವ ಸದ್ದನ್ನು ನಾನು ಇಂದಿಗೂ ಯಾರಿಗೂ ಅಣಕಿಸಿ ತೋರಿಸಿಲ್ಲ. ತೂತು ಬಿದ್ದ ಕೂಡಲೇ ನೇರಳೆ ಹಣ್ಣಿನ ಬಣ್ಣದ ಗಡ್ಡೆಕಟ್ಟಿದ ರಕ್ತ ತಾನಾಗಿ ಮೇಲೆ ಉಬ್ಬಿ ಬಂತು. ಚೀಫ್ ತೂತನ್ನು ಅಗಲ ಮಾಡಿ, ಗಡ್ಡೆಯನ್ನೆಲ್ಲ ತೆಗೆದು, ಹರಿದಿದ್ದ ರಕ್ತನಾಳವನ್ನು ಕಟ್ಟಿದರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ಟಾರ್ಚು ಬಿಟ್ಟು, "ಕುಗ್ಗುತ್ತಿದೆ ಸರ್," ಎಂದರು. ಚೀಫ್ ಕನ್ನಡಕದೊಳಗೆ ಬೆವರು ಇಳಿದಿತ್ತು. ಒರೆಸುವ ಕೆಲಸ ನನ್ನದು. ಒರೆಸಿದೆ.

ಮರುದಿನ ಬೆಳಿಗ್ಗೆ ಡ್ಯೂಟಿ ರೂಮಿನಲ್ಲಿ ಚಾರ್ಟು ಮೇಜಿನ ಮೇಲಿತ್ತು. ನನ್ನ ಅಕ್ಷರದಲ್ಲಿ ಸಾಲುಸಾಲಾಗಿ ಉತ್ತರ ಸರಿ, ಉತ್ತರ ಸರಿ. ಸಿಸ್ಟರ್ ಕಿಟಕಿಯ ಹತ್ತಿರ ನಿಂತಿದ್ದರು. ಕೆಲಸ ಹೋಯಿತು ಎಂದುಕೊಂಡೇ ಒಳಗೆ ಹೋದೆ.

"ಕಿಳಿ," ಎಂದರು ಚೀಫ್. "ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆಗೆ ಅವನು ತನ್ನ ಹೆಸರು ಹೇಗೆ ಹೇಳಿದ? ಮಾಡಿ ತೋರಿಸು."

ಮಾಡಿದೆ. "ಬೀರಪ್ಪಾ!" ಗುಡ್ಡ ದಾಟುವ ದನಿ.

"ಹನ್ನೆರಡು ಗಂಟೆಗೆ?"

ಮಾಡಿದೆ. ದನಿ ಮಂಚದಿಂದ ಆಚೆ ಹೋಗುತ್ತಿರಲಿಲ್ಲ.

"ಮೂರು ಗಂಟೆಗೆ?"

ಬಾಯಿ ತೆರೆದೆ. ಮೊದಲು ಒಂದು ನಿಲುಗಡೆ ಬಂತು, ಬೇಕೆಂದು ಮಾಡಿದ್ದಲ್ಲ, ತಾನಾಗಿ ಬಂತು. ಆಮೇಲೆ "ಬೀ... ರ..." ಎಂದು ಬೆರಳಿಗೆ ಅಂಟಿದ ಮುದ್ದೆಯ ಹಾಗೆ ಅಕ್ಷರ ಎಳೆದುಕೊಂಡು, ಕೊನೆಯ ಅಕ್ಷರ ನಾಲಿಗೆಯಲ್ಲೇ ಉಳಿಯಿತು. ನನ್ನ ಬಾಯಿಂದಲೇ ಅದನ್ನು ಕೇಳಿಸಿಕೊಂಡೆ. ಕಿವಿ ಎಲ್ಲವನ್ನೂ ಹಿಡಿದಿಟ್ಟುಕೊಂಡಿತ್ತು. ಕೈ ಮಾತ್ರ ಉತ್ತರ ಸರಿ ಎಂದು ಬರೆದಿತ್ತು.

ಚೀಫ್ ಚಾರ್ಟನ್ನು ನನ್ನ ಕಡೆ ತಿರುಗಿಸಿದರು. "ಉತ್ತರ ಸರಿಯಾಗಿಯೇ ಇತ್ತು. ಅದನ್ನು ಹೇಳಿದ್ದು ವಾರ್ಡು," ಎಂದರು. "ಇನ್ನು ಮೇಲೆ ಡ್ಯೂಟಿ ಬದಲಾಗುವಾಗ ನನ್ನ ದನಿ ಬೇಡ. ರೋಗಿಯ ದನಿ ಮಾಡಿ ತೋರಿಸಿ ಹೋಗು. ಆಗ ಹೀಗೆ ಹೇಳುತ್ತಿದ್ದ, ಈಗ ಹೀಗೆ ಹೇಳುತ್ತಾನೆ ಅಂತ. ಪುರಿಯುದಾ?"

ಅಂದು ನಿಜವಾಗಿಯೂ ಪುರಿಯಿತು. ಮುಂದೆ ನಾನು ಎಷ್ಟು ವರ್ಷ ಕೆಲಸ ಮಾಡಿದೆನೋ ಅಷ್ಟು ವರ್ಷವೂ ಹಾಗೇ ಮಾಡಿದೆ. ಮೊದಮೊದಲು ಹೊಸ ನರ್ಸುಗಳು ನಕ್ಕರು. ಒಂದು ಸಂಜೆ ನಾನು ಮಾಡಿ ತೋರಿಸಿ ಹೋದ ದನಿಗೂ ತನಗೆ ಕೇಳಿಸುತ್ತಿರುವ ದನಿಗೂ ಹೊಂದುತ್ತಿಲ್ಲವೆಂದು ಒಬ್ಬಳು ಚೀಫ್‌ಗೆ ಹೇಳಿ ಕಳಿಸಿದಳು. ಅವತ್ತಿನಿಂದ ಯಾರೂ ನಗಲಿಲ್ಲ. ಪ್ರಶ್ನೆಗಳನ್ನೂ ಪ್ರತಿ ಸಲ ಬದಲಾಯಿಸುತ್ತಿದ್ದೆ. ಬಸ್ಸಿನಲ್ಲಿ ಬಂದೆಯೋ ಗಾಡಿಯಲ್ಲೋ, ನಿನ್ನ ಚಪ್ಪಲಿ ಎಲ್ಲಿ, ನಿನ್ನ ಹೆಂಡತಿ ಯಾಕೆ ಮುಖ ಊದಿಸಿಕೊಂಡಿದ್ದಾಳೆ. ಪಕ್ಕದವರು ಉತ್ತರ ಹೇಳಿಕೊಟ್ಟರೆ ಅವರ ಮಂಚವನ್ನೇ ದೂರ ತಳ್ಳಿಸುತ್ತಿದ್ದೆ.

ಬೀರಪ್ಪ ಎರಡು ದಿನ ನಿದ್ದೆಯಲ್ಲೇ ಇದ್ದ. ಮಾದಮ್ಮ ಸಿಸ್ಟರನ್ನು ಮಾತ್ರ ಕೇಳುತ್ತಿದ್ದಳು: "ಗ್ಯಾನ ಬಂತಾ?" ನಾನು ನೀರಿನ ಲೋಟ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಮೂರನೇ ದಿನ ಅವನು ಕಣ್ಣು ಬಿಟ್ಟ. ಮಾತು ಬಂತು, ಆದರೆ ಮಾತುಗಳು ಜಾಗ ತಪ್ಪಿದ್ದವು. ಚಮಚವನ್ನು ಕೋಲು ಎಂದ. ಎಲ್ಲಕ್ಕೂ ಹೂಂ ಎಂದ. ಜೀವ ಉಳಿದಿದೆ, ಮನುಷ್ಯ ಉಳಿದಿದ್ದಾನೆಯೇ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚೀಫ್ ಅವನ ಕೈಕಾಲು ಆಡಿಸಿ ನೋಡಿ, ಕಾಯೋಣ ಎಂದು ಹೋಗುತ್ತಿದ್ದರು.

ಮಾದಮ್ಮನಿಗೆ ಮಾತ್ರ ತನ್ನದೇ ಪರೀಕ್ಷೆ ಇತ್ತು. ದಿನಾ ಸಂಜೆ ಮುಖ ಒರೆಸಿ, ಗಂಜಿ ಕುಡಿಸಿ, ಸುದ್ದಿ ಈಗ ತಾನೇ ಬಂತೇನೋ ಎಂಬ ಹಾಗೆ ಹೇಳುತ್ತಿದ್ದಳು: "ಮಚ್ಚೆ ಕುರಿ ಈದೈತೆ." ಅವನು ಅವಳನ್ನು ನೋಡುತ್ತಿದ್ದ. ಹೂಂ ಎನ್ನುತ್ತಿದ್ದ. ಅವಳು ಲೋಟ ತೊಳೆಯಲು ಎದ್ದು ಹೋಗುತ್ತಿದ್ದಳು. ವಾರ್ಡು ಬೇರೆಲ್ಲೋ ನೋಡುತ್ತಿತ್ತು. ಹರ್ನಿಯಾ ಮುದುಕ ಮನೆಗೆ ಹೋಗಬಹುದು ಎಂದಾಗಲೂ, ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಎಂದು ಎರಡು ದಿನ ಉಳಿದ.

ಹತ್ತನೆಯದೋ ಹನ್ನೊಂದನೆಯದೋ ಸಂಜೆ. ನಾನು ಪಕ್ಕದ ಮಂಚದಲ್ಲಿ ಪಟ್ಟಿ ಬಿಚ್ಚುತ್ತಿದ್ದೆ. "ಮಚ್ಚೆ ಕುರಿ ಈದೈತೆ," ಎಂದಳು ಮಾದಮ್ಮ. ಅವನು ಹೂಂ ಎನ್ನಲಿಲ್ಲ. ಹುಬ್ಬು ಗಂಟಿಕ್ಕಿದ. ಏನನ್ನೋ ಹುಡುಕಿದ. ಹುಡುಕುತ್ತಾ ಹುಡುಕುತ್ತಾ ಅವನಿಗೇ ಸಿಟ್ಟು ಬಂತು.

"ಗಂಡಾ..." ಎಂದ. ಒಂದು ಉಸಿರು ಬಿಟ್ಟು, "ಎಣ್ಣಾ?"

ಮಾದಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಬಾಗಿ, ಅವನ ಕಿವಿಗೆ ಬಾಯಿಟ್ಟು, ಉತ್ತರ ಹೇಳಿದಳು. ನಮಗೆ ಯಾರಿಗೂ ಕೇಳಿಸದ ಹಾಗೆ. ನಾನು ಕತ್ತರಿಸಬೇಕಾದ ಪಟ್ಟಿಯನ್ನು ಬಿಟ್ಟು ಬೇರೆ ಪಟ್ಟಿ ಕತ್ತರಿಸಿದೆ.

ಆಮೇಲೆ ಕಾಲ ಬದಲಾಯಿತು. ಕೆಲವು ವರ್ಷಗಳಲ್ಲಿ ಅಂಕಿಗಳ ಪದ್ಧತಿ ಬಂತು: ಕಣ್ಣು ತೆರೆ, ಮಾತಾಡು, ಕೈಕಾಲು ಆಡಿಸು, ಮೂರಕ್ಕೂ ಅಂಕ ಕೊಟ್ಟು ಕೂಡಿಸು. ಒಳ್ಳೆಯ ಪದ್ಧತಿ. ಸ್ವಲ್ಪ ಮಂಕು ಎಂದು ಒಬ್ಬ ಬರೆದದ್ದನ್ನು ಇನ್ನೊಬ್ಬ ತನಗೆ ಬೇಕಾದ ಹಾಗೆ ಓದುವುದು ತಪ್ಪಿತು. ಮೆದುಳಿನ ಊತ ಇಳಿಯಲೆಂದು ಆಗ ನಾವು ತೀರ್ಥದ ಹಾಗೆ ಕೊಡುತ್ತಿದ್ದ ಸ್ಟಿರಾಯ್ಡ್ ಇಂಜೆಕ್ಷನ್ ತಲೆಪೆಟ್ಟಿಗೆ ಒಳಿತಿಗಿಂತ ಕೆಡುಕೇ ಮಾಡುತ್ತದೆಂದು ಎಷ್ಟೋ ಕಾಲದ ಮೇಲೆ ಗೊತ್ತಾಗಿ ನಿಲ್ಲಿಸಿದರು. ಸ್ಕ್ಯಾನ್ ಬಂತು. ಬೀರಪ್ಪನ ಗಡ್ಡೆಯನ್ನು ಈಗ ಕೆಲವೇ ನಿಮಿಷಗಳಲ್ಲಿ ನೋಡಬಹುದು. ಆದರೆ ಮಗಳೇ, ಯಾರನ್ನು ಎಷ್ಟು ಹೊತ್ತಿಗೆ ಆ ಯಂತ್ರದೊಳಗೆ ಮತ್ತೆ ಮಲಗಿಸಬೇಕೆಂದು ಇಂದಿಗೂ ಮಂಚದ ಪಕ್ಕ ನಿಂತವರೇ ಹೇಳಬೇಕು. "ಇವರು ಇವರ ಹಾಗಿಲ್ಲ" ಎಂದು ಮನೆಯವರು ಬಂದು ಹೇಳಿದರೆ ಚಾರ್ಟನ್ನು ಕೆಳಗಿಟ್ಟು ಎದ್ದು ಹೋಗು.

ಮೂರು ತಿಂಗಳ ಮೇಲೆ ಬೀರಪ್ಪ ತೋರಿಸಿಕೊಳ್ಳಲು ಬಂದ. ತಲೆಯ ಗುಂಡಿ ಕಾಣದಂತೆ ಟವೆಲ್ ಸುತ್ತಿದ್ದ. ಮರ ಹತ್ತುವುದನ್ನು ಬಿಟ್ಟಿದ್ದ. ಕುರಿಗಳ ಮುಖವೆಲ್ಲ ನೆನಪಿದೆಯಂತೆ, ಕೆಲವು ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲವಂತೆ, ಮಾದಮ್ಮ ಹೇಳಿಕೊಡುತ್ತಾಳಂತೆ. ನಾನು ಇವತ್ತು ಏನು ವಾರ ಎಂದು ಕೇಳಿದ್ದಕ್ಕೆ, "ಯಾಕಣ್ಣ, ನಿಮ್ಮಾಸ್ಪತ್ರೀಲಿ ಕ್ಯಾಲೆಂಡರ್ ಇಲ್ವಾ?" ಎಂದ. ಚೀಫ್ ಅವನ ಬೆನ್ನು ತಟ್ಟಿ ಒಳಗೆ ಕರೆದುಕೊಂಡು ಹೋದರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಮಾದಮ್ಮ ಕೂತಿದ್ದಳು. ಗ್ರೇಸಿ ಸಿಸ್ಟರಿಗೆಂದು ತಂದ ಹುರುಳಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತೆ. ಇಷ್ಟು ಜನರ ದನಿ ತೆಗೆಯುವ ನನಗೆ ನನ್ನ ದನಿ ಸಿಗಲಿಲ್ಲ.

"ಅಕ್ಕಾ," ಎಂದೆ. "ಅವತ್ತು ನೀನು ಬಂದು ಏಳಿದಾಗ ನಾನು ಎದ್ದು ಬರ್ಬೇಕಿತ್ತು. ಬರ್ಲಿಲ್ಲ. ನಿನ್ನ ಆಡ್ಕಂಡು ನಕ್ಕೆ."

ಅವಳು ಗಂಟು ಬಿಗಿದಳು.

"ತಪ್ಪಾಯ್ತು ಅಂತ ಏಳಿದ್ರೆ ಸಾಲಲ್ಲ ಅಂತ ಗೊತ್ತು."

ಗಂಟು ಬಿಚ್ಚಿದಳು. ಮತ್ತೆ ಬಿಗಿದಳು.

ಹೊರಟುಬಿಡಬೇಕೆಂದು ತಿರುಗಿದವನು, ಮೂರು ತಿಂಗಳಿಂದ ಒಳಗೇ ಕೊರೆಯುತ್ತಿದ್ದದ್ದನ್ನು ತಡೆಯಲಾರದೆ ಮತ್ತೆ ಅವಳ ಕಡೆ ತಿರುಗಿದೆ. ಯಾರ ದನಿಯೂ ಇಲ್ಲದೆ, ನಮ್ಮ ಮನೆಯಲ್ಲಿ ಕೇಳುವ ಹಾಗೆ ಕೇಳಿದೆ.

"ಅಕ್ಕಾ, ಆ ಮಚ್ಚೆ ಕುರಿ ಈದಿದ್ದು... ಗಂಡಾ ಎಣ್ಣಾ?"

ಆ ಬುಧವಾರದ ನಂತರ ಮೊದಲ ಸಲ ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

"ಓ, ಈಗ ಕೇಳ್ದ್ಯಾ? ಬುಡಣ್ಣಾ, ನಿಂಗೂ ಗ್ಯಾನ ಬಂತು."